ತೌಡು ತುಂಬಿದ ಚೆಂಡು

ಕಳೆದ ಸೋಮವಾರ ಯಲಬುರ್ಗಾಕ್ಕೆ ಹೋಗುವ ಬಸ್ಸಿನಲ್ಲಿ ಒಬ್ಬ ಮುದುಕಪ್ಪ ನನ್ನ ಕಾಲ ಬುಡಕ್ಕೇ ತೌಡಿನ ಚೀಲ ತಂದಿಟ್ಟ. ಎಮ್ಮೆಗೆಂದು ಗಂಗಾವತಿಯಿಂದ ಒಯ್ಯುತ್ತಿದ್ದನಂತೆ. ಚೀಲದ ಹೊಲಿಗೆ ಬಿಚ್ಚಿತ್ತು. ಬಸ್ಸು ಕುಲುಕಿದಾಗಲೆಲ್ಲ ಪುಡಿ ಉದುರಿ ನನ್ನ ಚಪ್ಪಲಿಯ ಮೇಲೆ ಬೀಳುತ್ತಿತ್ತು. "ಅಕ್ಕಾರ, ಕಾಲು ಸ್ವಲ್ಪ ಆಕಡಿ ಸರಿಸ್ರಿ" ಎಂದ. ನಾನು ಸರಿಸಲಿಲ್ಲ. ಎಣ್ಣೆಯ ಜಿಡ್ಡು, ಬಿಸಿಲು, ಹಳೆಯ ಅಕ್ಕಿ ಎಲ್ಲ ಕೂಡಿದ ಆ ವಾಸನೆ... ಅದು ನಮ್ಮ ಸರ್ ಅವರ ಅಂಗಿಯ ವಾಸನೆ.

ಸರ್ ಎಂದರೆ ಶಾಲೆಯ ಮಾಸ್ತರರಲ್ಲ. ಗಂಗಾವತಿಯ ಒಂದು ರೈಸ್ ಮಿಲ್ಲಿನಲ್ಲಿ ಹಮಾಲರಾಗಿದ್ದರು. ಬೆಳಗ್ಗೆ ಮಿಲ್ಲಿಗೆ ಹೋಗುವ ಮೊದಲು ನಮ್ಮ ಹೈಸ್ಕೂಲಿನ ಹಿಂದಿನ ಮೈದಾನದಲ್ಲಿ ಹುಡುಗಿಯರಿಗೆ ವಾಲಿಬಾಲ್ ಕಲಿಸುತ್ತಿದ್ದರು. ಅವರನ್ನು ಯಾರೂ ನೇಮಿಸಿರಲಿಲ್ಲ, ಯಾರೂ ಬೇಡವೆಂದೂ ಅಂದಿರಲಿಲ್ಲ. ಬೆಳಗಾದರೆ ನೆಟ್ ಕಟ್ಟಿ, ಸುಣ್ಣದ ಗೆರೆ ಎಳೆದು ಕಾಯುತ್ತಾ ನಿಂತಿರುತ್ತಿದ್ದರು. ತಡವಾಗಿ ಬಂದವರಿಗೆ ಬೈಗುಳವಿಲ್ಲ. ಮೈದಾನದ ಸುತ್ತ ಹತ್ತು ಸುತ್ತು, ಅಷ್ಟೇ.

ಹಿಂದೆ ಕಾಲೇಜಿನಲ್ಲಿ ಓದುವಾಗ ಅವರು ಲಿಫ್ಟರ್. ಎದುರಿನವರು ಹೊಡೆದ ಚೆಂಡನ್ನು ನಮ್ಮವರು ತಡೆದು ಕೊಟ್ಟಾಗ ಅದನ್ನು ಬೆರಳ ತುದಿಯಲ್ಲಿ ಎತ್ತಿ, ಹೊಡೆಯುವವರ ಕೈಗೆ ಸರಿಯಾಗಿ ಬರುವಂತೆ ಹಾಕುವವನೇ ಲಿಫ್ಟರ್. ಇಡೀ ಆಟ ಅವನ ಹತ್ತು ಬೆರಳ ಮೇಲೆ ನಿಂತಿರುತ್ತದೆ. ಚಪ್ಪಾಳೆ ಮಾತ್ರ ಹೊಡೆದವನಿಗೆ! ಸರ್ ಲಿಫ್ಟ್ ಮಾಡುವುದನ್ನು ನೋಡಲೆಂದೇ ಮಂದಿ ಕೊಪ್ಪಳದಿಂದ ಸೈಕಲ್ ಹೊಡೆದುಕೊಂಡು ಬರುತ್ತಿದ್ದರಂತೆ. ಇದು ನಮ್ಮ ಸೋದರಮಾವ ಹೇಳಿದ್ದು. ಅವನ ಮಾತನ್ನು ಅರ್ಧಕ್ಕೆ ಅರ್ಧ ಕಡಿದೇ ನಂಬಬೇಕು. ಆದರೆ ಯೂನಿವರ್ಸಿಟಿ ಟೀಮಿನ ಕ್ಯಾಂಪಿಗೆ ಕರೆ ಬಂದದ್ದಂತೂ ನಿಜ. ಆ ಪತ್ರವನ್ನು ನಾನೇ ನೋಡಿದ್ದೇನೆ.

ಅದೇ ಹೊತ್ತಿಗೆ ಅವರ ಅಪ್ಪನ ಸೊಂಟ ಬಿತ್ತು. ಅಪ್ಪನೂ ಹಮಾಲ. ಅವರ ಗ್ಯಾಂಗಿನಲ್ಲಿ ಒಂದು ಪದ್ಧತಿ ಇತ್ತು. ಹಮಾಲ ಕೆಲಸ ಬಿಟ್ಟರೆ ಅವನ ಜಾಗ ಮಗನಿಗೆ. ಹದಿನೈದು ದಿನದೊಳಗೆ ಮಗ ಬಂದು ಚೀಲಕ್ಕೆ ಹೆಗಲು ಕೊಡದಿದ್ದರೆ ಅದು ಬೇರೆಯವರ ಪಾಲು. ಸರ್ ಬೆನ್ನಿಗೆ ಇಬ್ಬರು ತಂಗಿಯರಿದ್ದರು. ಸರ್ ಕ್ಯಾಂಪಿಗೆ ಹೋಗಲಿಲ್ಲ, ಮಿಲ್ಲಿಗೆ ಹೋದರು.

ಭಾನುವಾರದ ಆಟ ಮಾತ್ರ ಬಿಡಲಿಲ್ಲ. ಆದರೆ ಚೀಲ ಎತ್ತುವ ಕೈಗೆ ಚೆಂಡು ಎತ್ತುವ ನಯ ಉಳಿಯುತ್ತದೆಯೇ? ಬೆರಳ ತುದಿಯೆಲ್ಲ ಜಡ್ಡುಗಟ್ಟಿತು. ಲಿಫ್ಟ್ ಮಾಡುವಾಗ ಚೆಂಡು ಎರಡೂ ಕೈಗೆ ಒಮ್ಮೆಲೇ ತಾಗಿ ಒಮ್ಮೆಲೇ ಬಿಡಬೇಕು. ಒಂದು ಕೈಗೆ ಮೊದಲು, ಇನ್ನೊಂದಕ್ಕೆ ಆಮೇಲೆ ತಾಗಿದರೆ ಅದು ಡಬಲ್, ಪಾಯಿಂಟ್ ಎದುರಿನವರಿಗೆ. ಅವರ ಕೈಯಲ್ಲಿ ಡಬಲ್ ಆಗತೊಡಗಿತು. ಒಂದು ಭಾನುವಾರ ಆಟ ಕೊನೆಯ ಪಾಯಿಂಟಿಗೆ ಬಂದು ನಿಂತಿತ್ತು. ಡಬಲ್ ಆದದ್ದು ರೆಫ್ರಿಗೆ ಗೊತ್ತೇ ಆಗಲಿಲ್ಲ. ಸರ್ ತಾವೇ ಕೈ ಎತ್ತಿದರು. ಅವರ ಟೀಮು ಸೋತಿತು. ಎತ್ತಿದ ಕೈ ಇಳಿಸಿ ಕೋರ್ಟಿನಿಂದ ಹೊರಗೆ ಬಂದವರು ಮತ್ತೆಂದೂ ಆಡಲಿಲ್ಲ.

ಮುಂದಿನ ವರ್ಷ ನಮಗೆ ಕಲಿಸಲು ಶುರು ಮಾಡಿದರು. ನನ್ನನ್ನು ಲಿಫ್ಟರ್ ಮಾಡಿದರು. ಹರಿದ ಚೆಂಡೊಂದರ ಬ್ಲಾಡರ್ ತೆಗೆದು, ಒಳಗೆ ತೌಡು ತುಂಬಿ, ಚೀಲ ಹೊಲಿಯುವ ದಬ್ಬಣದಿಂದ ಹೊಲಿದು ತಂದಿದ್ದರು. ಆ ಭಾರದ ಚೆಂಡನ್ನು ದಿನಕ್ಕೆ ಇನ್ನೂರು ಸಲ ಎತ್ತಬೇಕು. ಸಾಕಾಗಿ ಹೋಗುತ್ತಿತ್ತು ಮಾರಾಯ್ರೆ! ಆಮೇಲೆ ಗಾಳಿ ತುಂಬಿದ ಚೆಂಡು ಹಿಡಿದರೆ ಹೂವು ಹಿಡಿದಂತೆ. ಆಗ ಅವರು ನನಗೆ ಬೆನ್ನು ಮಾಡಿ ನಿಲ್ಲುತ್ತಿದ್ದರು. ನೋಡುತ್ತಿರಲಿಲ್ಲ, ಕೇಳುತ್ತಿದ್ದರು.

"ಒಂದ ಸಪ್ಪಳ ಬರಬೇಕವ್ವಾ. ಎರಡು ಬಂದ್ರ ಡಬಲ್. ಡಬಲ್ ಆತಂದ್ರ ರೆಫ್ರಿ ಸೀಟಿ ಊದೂಕಿಂತ ಮೊದಲ ನೀನ ಕೈ ಎತ್ತಬೇಕು."

ಅವರ ಟೀಮಿಗೆ ಇದ್ದ ನಿಯಮ ಇದೊಂದೇ.

ನಾನು ಹತ್ತನೇ ಕ್ಲಾಸಿನಲ್ಲಿದ್ದಾಗ ಕೊಪ್ಪಳದಲ್ಲಿ ಜಿಲ್ಲಾಮಟ್ಟದ ಫೈನಲ್. ಎದುರಿಗೆ ಕುಷ್ಟಗಿಯ ಹುಡುಗಿಯರು. ಕೊನೆಯ ಸೆಟ್, ಒಂದು ಪಾಯಿಂಟ್ ಬಂದರೆ ನಾವು ಗೆದ್ದಂತೆ. ಚೆಂಡು ಓರೆಯಾಗಿ ಬಂತು. ಓಡಿ ಎತ್ತಿದೆ. ಎಡಗೈಗೆ ಮೊದಲು ತಾಗಿತು, ಬಲಗೈಗೆ ಆಮೇಲೆ. ನನಗೆ ಗೊತ್ತಾಯಿತು. ನಮ್ಮವಳು ಹೊಡೆದಳು, ಚೆಂಡು ಆಚೆ ನೆಲಕ್ಕೆ ಬಿತ್ತು. ಕುಷ್ಟಗಿಯ ಕ್ಯಾಪ್ಟನ್ "ಡಬಲ್ರಿ ಸರ್, ಡಬಲ್!" ಎಂದು ಕೂಗಿದಳು. ರೆಫ್ರಿ ತಲೆ ಅಲ್ಲಾಡಿಸಿ ನಮಗೇ ಪಾಯಿಂಟ್ ಕೊಟ್ಟರು.

ನನ್ನ ಕೈ ಮೇಲೇಳಲಿಲ್ಲ. ಬೆಂಚಿನ ಕಡೆ ನೋಡಿದೆ. ಸರ್ ತಲೆ ಬಗ್ಗಿಸಿ ನೆಲ ನೋಡುತ್ತಿದ್ದರು.

ವಾಪಸ್ ಬರುವಾಗ ಬಸ್ ಸ್ಟ್ಯಾಂಡಿನಲ್ಲಿ ಎಲ್ಲರಿಗೂ ಮಂಡಕ್ಕಿ ಒಗ್ಗರಣಿ, ಮಿರ್ಚಿ ಭಜಿ ಕೊಡಿಸಿ, ನನ್ನ ಪಕ್ಕದಲ್ಲಿ ಬಂದು ಕುಳಿತರು.

"ಬೆರಳು ಹೆಂಗದಾವ?"

"ಛಲೋ ಅದಾವ್ರಿ ಸರ್."

"ಮತ್ತೇನರ ಹೇಳೂದೈತೇನು?"

ಬಾಯಿ ಬಿಟ್ಟರೆ ಬಣ್ಣಗೇಡು. "ಏನಿಲ್ರಿ" ಎಂದೆ. ಅವರು "ಆತು" ಎಂದರು. ಕೈಯಲ್ಲಿದ್ದ ಮಿರ್ಚಿ ಆರುವವರೆಗೂ ಹಾಗೇ ಕುಳಿತಿದ್ದರು.

ಆ ಗೆಲುವಿನಿಂದ ನಾನು ರಾಜ್ಯಮಟ್ಟಕ್ಕೆ ಹೋದೆ. ಆ ಸರ್ಟಿಫಿಕೇಟಿನಿಂದ ಕಾಲೇಜಿನ ಸೀಟು, ಅಲ್ಲಿಂದ ಈ ದೈಹಿಕ ಶಿಕ್ಷಕಿಯ ಕೆಲಸ. ಆ ಕುಷ್ಟಗಿಯ ಹುಡುಗಿ ಈಗ ಎಲ್ಲಿದ್ದಾಳೋ, ಆಟ ಮುಂದುವರಿಸಿದಳೋ ಇಲ್ಲವೋ... ಗಂಗಾವತಿಗೆ ಹೋದಾಗಲೆಲ್ಲ ಸರ್ ಅವರನ್ನು ಮಾತಾಡಿಸಿ ಬರುತ್ತಿದ್ದೆ. ಹೊರಡುವಾಗ ಪ್ರತಿ ಸಲವೂ ಅವರು "ಮತ್ತೇನವ್ವಾ?" ಎನ್ನುತ್ತಿದ್ದರು. ಊರೆಲ್ಲ ಆಡುವ ಮಾತೇ ಅದು ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅಂತಾರಲ್ಲ, ಒಳಗೆ ಮಾತ್ರ ಅಳುಕುತ್ತಿತ್ತು. ಮುಂದಿನ ಸಲ ಹೇಳಿದರಾಯಿತು ಎಂದು ಬಸ್ಸು ಹತ್ತುತ್ತಿದ್ದೆ.

ಮುಂದಿನ ಸಲ ಹೋದಾಗ ಅವರು ತೀರಿ ಮೂರು ದಿನವಾಗಿತ್ತು. ಮಿಲ್ಲಿನ ಧೂಳು ಎದೆಯಲ್ಲಿ ಕೂತಿತ್ತಂತೆ. ಅವರ ಹೆಂಡತಿ ಒಳಗಿನಿಂದ ಆ ತೌಡಿನ ಚೆಂಡು ತಂದು ನನ್ನ ಮಡಿಲಲ್ಲಿಟ್ಟರು.

"ನಿನಗ ಕೊಡಂತ ಹೇಳಿದ್ರವ್ವಾ. ನಿನ್ನ ಭಾಳ ನೆನಸತಿದ್ರು. ಆಕಿ ಒಂದಿನ ತಾನಾಗೇ ಬಂದು ಹೇಳ್ತಾಳ, ನೋಡ್ತಿರು ಅಂತಿದ್ರು. ಏನಂತ ಕೇಳಿದ್ರ, ಅದನ್ನ ಆಕಿನ ಹೇಳಬೇಕು ಅಂತಿದ್ರು. ಏನದು?"

ಅಯ್ಯೋ, ಆಗಲಾದರೂ ಹೇಳಬಹುದಿತ್ತು. ಎದುರಿಗೆ ಅವರ ಫೋಟೋ ಇತ್ತು, ದೀಪ ಇತ್ತು. ನಾನು ಏನು ಹೇಳಿದೆ ಗೊತ್ತೇ? "ಏನಿಲ್ರಿ ಅಕ್ಕಾ, ಸುಮ್ನ ಚ್ಯಾಷ್ಟಿ ಮಾಡಿರಬೇಕು" ಎಂದೆ. ಅಂಥವಳು ನಾನು.

ಮೊನ್ನೆ ಸೋಮವಾರ ಆ ತೌಡಿನ ಬಸ್ಸಿನಿಂದ ಇಳಿದು ನಾನು ಕಲಿಸುವ ಶಾಲೆಯ ಮೈದಾನಕ್ಕೆ ಹೋದಾಗ ಹುಡುಗಿಯರು ಆಡುತ್ತಿದ್ದರು. ನಮ್ಮ ಲಿಫ್ಟರ್ ಎಂಟನೇ ಕ್ಲಾಸಿನವಳು, ನೋಡಿದರೆ ಕಡ್ಡಿ. ಆಟದ ನಡುವೆ ತಟ್ಟನೆ ಕೈ ಎತ್ತಿ ನಿಂತಳು. ನಾನು ನೋಡಿರಲೇ ಇಲ್ಲ. "ಡಬಲ್ ಆತ್ರಿ ಟೀಚರ್" ಎಂದು ನಕ್ಕಳು. ನಾನೇ ಕಲಿಸಿದ ನಿಯಮ ಅದು. ಪಾಯಿಂಟ್ ಎದುರಿನವರಿಗೆ ಕೊಟ್ಟು ಅಲ್ಲೇ ಕಟ್ಟೆಯ ಮೇಲೆ ಕುಳಿತೆ.

ಈ ಭಾನುವಾರ ಗಂಗಾವತಿಗೆ ಹೋಗುತ್ತೇನೆ. ಅಕ್ಕನ ಎದುರು ಕುಳಿತು ಹೇಳಿ ಬರುತ್ತೇನೆ. ಕೇಳಬೇಕಾದವರು ಇಲ್ಲ, ಅದಕ್ಕೆ ಈಗ ಯಾವ ಮದ್ದೂ ಇಲ್ಲ. ಆದರೂ ಮೊದಲು ಇಲ್ಲಿ ಬರೆದು ಕೈ ಎತ್ತುತ್ತಿದ್ದೇನೆ.

ಸರ್, ಅವತ್ತು ಎರಡು ಸಪ್ಪಳ ಬಂದಿತ್ತು.