ಒಂದೇ ಸೀಟಿನ ಮೋಟಾರು

ನನ್ನ ಗಂಡ ವಿಜಯಪುರದಲ್ಲಿ ಕುಳಿತು ರೇಸಿನ ಮೋಟಾರು ಕಟ್ಟಿದರು ಎಂದರೆ ಈಗಿನವರು ನಂಬುವುದಿಲ್ಲ. ನಂಬದಿದ್ದರೆ ಬಿಡಲಿ, ಅದರ ಸದ್ದಿಗೆ ಕಿವಿ ತೂತಾದದ್ದು ನನ್ನದು. ಮಹಾಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹಳೆಯ ವಾಹನಗಳನ್ನು ಹರಾಜಿಗೆ ಹಾಕಿದರು. ಮೋಟಾರು ರಿಪೇರಿ ಮಾಡಿಕೊಂಡಿದ್ದ ಇವರು ಪುಣೆಗೆ ಹೋಗಿ ಒಂದು ಎಂಜಿನ್ನು, ಒಂದು ಮುರುಕು ಚೌಕಟ್ಟು ಹೇರಿಕೊಂಡು ಬಂದರು. ಗೋಳಗುಮ್ಮಟದ ಹಿಂದೆ ನಮ್ಮ ಮನೆ, ಮನೆಯ ಹಿತ್ತಲಿನಲ್ಲಿ ತಗಡಿನ ಶೆಡ್ಡು. ಅದು ಶೆಡ್ಡಿಗೆ ಬಂದ ತಿಂಗಳೇ ನಾನೂ ತಿಕೋಟಾದಿಂದ ಮದುವೆಯಾಗಿ ಮನೆಗೆ ಬಂದೆ. ಇಬ್ಬರೂ ಹೊಸಬರೇ. ಉಪಚಾರವೆಲ್ಲ ಅದಕ್ಕೇ ಆಯಿತು.

ಇವರ ಜೊತೆ ದುಡಿಯುತ್ತಿದ್ದವರು ಇವರ ಸೋದರಮಾವ, ಬಬಲೇಶ್ವರದವರು. ಹರೆಯದಲ್ಲಿ ಕುಸ್ತಿ ಹಿಡಿದವರು, ಆಮೇಲೆ ಎತ್ತಿನ ಗಾಡಿಯ ಶರ್ಯತ್ತಿನಲ್ಲಿ ಸುತ್ತಲ ಹಳ್ಳಿಗೆಲ್ಲ ಹೆಸರಾದವರು. ಅವರು ಶೆಡ್ಡಿನಲ್ಲಿ ಹನುಮಪ್ಪನ ಪಟ ಕಟ್ಟಿ, ಬಾಗಿಲಲ್ಲೇ ಚಪ್ಪಲಿ ಬಿಡಿಸಿ, ಅದನ್ನೊಂದು ಗರಡಿಮನೆ ಮಾಡಿಬಿಟ್ಟರು. ಗರಡಿ ಎಂದಮೇಲೆ ಹೆಂಗಸರು ಒಳಗೆ ಕಾಲಿಡುವಂತಿಲ್ಲ.

“ಹೊಸ್ತಿಲ ಇತ್ತಾಗ ನಿಂದ್ರವಾ. ಗರಡಿ ಐತಿ ಇದು,” ಎಂದರು ಮೊದಲ ದಿನವೇ.

“ಗರಡ್ಯಾಗ ಕೆಮ್ಮಣ್ಣ ಇರತೈತ್ರಿ ಮಾವಾರ. ಇಲ್ಲಿ ಬರೇ ಗ್ರೀಸ್ ಐತಿ,” ಎಂದೆ.

“ಬಾಯಿ ಭಾಳ ಐತಿ ಇಕಿದು!” ಎಂದು ಮಾವ ಇವರತ್ತ ತಿರುಗಿದರು. ಇವರು ನಕ್ಕರು, ಅಷ್ಟೇ. ಬರಲಿ ಬಿಡು ಎನ್ನಲಿಲ್ಲ. ಅಂದಿನಿಂದ ರೊಟ್ಟಿಯ ಬುಟ್ಟಿಯನ್ನು ಹೊಸ್ತಿಲಲ್ಲಿಟ್ಟು ತಿರುಗಿ ಬರುವುದೇ ನನ್ನ ಕೆಲಸವಾಯಿತು.

ನೋಡದ ಮೋಟಾರನ್ನು ಕಿವಿಯಿಂದಲೇ ಬಲ್ಲವಳಾದೆ. ಮೊದಮೊದಲು ಕೆಮ್ಮುತ್ತಿತ್ತು. ಆಮೇಲೆ ಗುಡುಗಹತ್ತಿತು, ಗುಮ್ಮಟದ ಪಾರಿವಾಳಗಳೆಲ್ಲ ಗಾಬರಿಬಿದ್ದು ಹಾರುತ್ತಿದ್ದವು. ತೂಕ ಇಳಿಸಬೇಕೆಂದು ಇವರು ಬೇಡವಾದದ್ದನ್ನೆಲ್ಲ ಕಿತ್ತು ಹೊರಗೆ ಎಸೆಯುತ್ತಿದ್ದರು. ಒಂದು ದಿನ ಪಕ್ಕದ ಸೀಟೂ ಹೊರಗೆ ಬಿತ್ತು. ನಡೆಸುವವನಿಗೊಂದು ಸಾಕಂತೆ. ನಾನು ಆ ಸೀಟನ್ನು ನೆರಳಿಗೆ ಎಳೆದುಕೊಂಡು, ಅದರ ಮೇಲೆ ಕುಳಿತು ಜೋಳ ಹಸನು ಮಾಡುತ್ತಿದ್ದೆ. ಮೆತ್ತಗಿತ್ತು, ಸುಳ್ಳೇಕೆ ಹೇಳಲಿ.

ಓಡಿಸಿ ನೋಡುವುದು ತಿಕೋಟಾ ರಸ್ತೆಯಲ್ಲಿ. ದೃಷ್ಟಿ ತಾಗೀತೆಂದು ತಾಡಪತ್ರಿ ಹೊದಿಸಿ ಊರಾಚೆ ತನಕ ತಳ್ಳಿಕೊಂಡು ಹೋಗುತ್ತಿದ್ದರು. ಅದು ನನ್ನ ತವರಿನ ದಾರಿ. ನನಗಿಂತ ಮೊದಲು ನನ್ನವ್ವ ಅದನ್ನು ಕಣ್ತುಂಬ ನೋಡಿದಳು. “ಅಳಿಯಾಗೋಳು ಗಾಳಿಹಂಗ ಬಂದ್ರು, ಗಾಳಿಹಂಗ ಹೋದ್ರು,” ಎಂದು ಹೆಮ್ಮೆಯಿಂದ ಹೇಳಿ ಕಳಿಸಿದಳು. ನನ್ನೂರಿಗೆ ದಿನಾ ಹೋಗುವ ಮನುಷ್ಯನಿಗೆ, ಬರುತ್ತೀಯಾ ಎಂದು ಒಂದು ಮಾತು ಕೇಳಲು ಏನಾಗಿತ್ತು?

ಮುಂಬಯಿಯ ಕಡೆ ಯುದ್ಧಕ್ಕಾಗಿ ಹಾಕಿದ್ದ, ವಿಮಾನ ಇಳಿಯುವ ಪಟ್ಟಿಯ ಮೇಲೆ ರೇಸು. ರಾಜಮನೆತನದವರು, ಸಾಹೇಬರು ವಿಲಾಯತಿ ಮೋಟಾರುಗಳನ್ನು ತಂದು ಇಳಿಸುತ್ತಿದ್ದರಂತೆ. ಆ ಸೀಸನ್ನಿಗೆ ಮೂರು ರೇಸು. ಪ್ರತಿ ಸಲವೂ ಸೊಲ್ಲಾಪುರದ ರೈಲು ಹಿಡಿದು ಮುಂಬಯಿ ಸೇರಬೇಕು. ಮೊದಲನೆಯದಕ್ಕೆ ಹೊರಡುವಾಗಲೇ ಮಾವ ಎಡವಟ್ಟು ಮಾಡಿದರು. ಶರ್ಯತ್ತಿನ ಗಾಡಿ ಹೊರಡುವ ಮುಂಚೆ ಅಚ್ಚಿಗೆ ಔಡಲೆಣ್ಣೆ ಎರೆಯುವುದು ಅವರ ಪದ್ಧತಿ. ಕೂಸಿಗೆ ಎರೆದಷ್ಟೇ ಪ್ರೀತಿಯಿಂದ ಎಂಜಿನ್ನಿಗೂ ಎರೆದರು. ಅದರೊಳಗೆ ಮೊದಲೇ ಇದ್ದ ಎಣ್ಣೆಯ ಜಾತಿಯೇ ಬೇರೆ. ಎರಡೂ ಒಂದಕ್ಕೊಂದು ಹೊಂದದೆ, ಕಾದಮೇಲೆ ಅಂಟಾಗಿ, ಎಂಜಿನ್ನು ಹಿಡಿದುಕೊಂಡಿತು. ಸಾಹೇಬರ ಮೋಟಾರುಗಳು ಮುಂದೆ ಹೋದವು, ನಮ್ಮದು ನಡುದಾರಿಯಲ್ಲಿ ನಿಂತಿತು.

ತಿರುಗಿ ಬಂದ ಮಾವ ಔಡಲೆಣ್ಣೆ ಕುಡಿದ ಮುಖ ಮಾಡಿಕೊಂಡು ಕಟ್ಟೆಯ ಮೇಲೆ ಕುಳಿತರು. ಆಮೇಲೆ ಹೇಳಿದರು: “ನಾ ಎಣ್ಣಿ ಎರಿಯೂಮುಂದ ಒಳಗ ನೆಳ್ಳು ಬಿತ್ತು. ಇಕಿ ಬುಟ್ಟಿ ಇಡಾಕ ಬಂದಿದ್ಲು.”

ನನಗೆ ಮೈಯೆಲ್ಲ ಉರಿದುಹೋಯಿತು. “ಕುಣಿಲಾರದಾಕಿ ಅಂಗಳ ಡೊಂಕು ಅಂದ್ಲಂತ! ಎಣ್ಣಿ ಎರೆದಾವ್ರು ನೀವು, ತಪ್ಪು ನನ್ನ ನೆಳ್ಳಿಂದು?”

ಎಂಜಿನ್ನು ಬಿಚ್ಚಿ ನೋಡಿದ್ದ ಇವರಿಗೆ ಎಣ್ಣೆಯ ಸಂಗತಿ ಗೊತ್ತಿತ್ತು. ನಾನು ಇವರ ಮುಖವನ್ನೇ ನೋಡಿದೆ. ಇವರು ಸ್ಪ್ಯಾನರು ಒರೆಸುತ್ತಲೇ ನಿಂತರು. ಸೀರೆ ಗಂಟು ಕಟ್ಟಿಕೊಂಡು, ಸರ್ವಿಸ್ ಮೋಟಾರು ಹತ್ತಿ, ಒಬ್ಬಳೇ ತಿಕೋಟಾಕ್ಕೆ ಹೋದೆ. ದಾರಿಯುದ್ದಕ್ಕೂ ಅತ್ತೆ.

ಅವ್ವನ ಮನೆಯಲ್ಲಿ ಕುಳಿತು ರಸ್ತೆಗೆ ಕಿವಿಕೊಡುತ್ತಿದ್ದೆ. ಗುಡುಗು ಕೇಳಿಸಿದರೆ ಸಾಕು ಎನಿಸುತ್ತಿತ್ತು. ನನಗೇ ನನ್ನ ಮೇಲೆ ಸಿಟ್ಟು ಬರುತ್ತಿತ್ತು. ಕೊನೆಗೊಂದು ದಿನ ಇವರು ಸೈಕಲ್ ಮೇಲೆ ಬಂದರು. ಅವ್ವನ ಎದುರಿಗೇ ನನ್ನ ತಲೆಯ ಮೇಲೆ ಕೈಯಿಟ್ಟರು. “ಇದೊಂದು ಸೀಸನ್ ಮುಗೀಲಿ. ಮೋಟಾರ್ ಮಾರಿಬಿಡ್ತೀನಿ. ಆಮ್ಯಾಲ ಮನ್ಯಾಗ ಇರ್ತೀನಿ, ನಿನ್ನ ಆಣಿ.”

ಹಿಂದೆಯೇ ಹೊರಟೆ. ಏನು ಮಾಡಲಿ, ಆಸೆ. ಶೆಡ್ಡಿನ ಒಳಗೆ ಹೋಗಿ ನಾನೇನು ಗಂಟು ಹೊಡೆಯಬೇಕಾಗಿತ್ತು? ನನಗೆ ಬೇಕಾದದ್ದು ಇಷ್ಟೇ: ಮನುಷ್ಯ ಎದುರಿಗೆ ಕುಳಿತು ಉಣ್ಣಬೇಕು, ನಾಲ್ಕು ಮಾತಾಡಬೇಕು.

ಎರಡನೆಯ ರೇಸಿನಲ್ಲಿ ಮೋಟಾರು ಕೊನೆತನಕ ಓಡಿತು. ಹಿಂದಿನವರ ಜೊತೆ ಹಿಂದೆ, ಆದರೂ ಓಡಿತು. ಮೂರನೆಯದರಲ್ಲಿ ಯಾವುದೋ ರಾಜಕುಮಾರನ ಬೆನ್ನಿಗೇ ಬಂದು ಎರಡನೆಯವರಾದರು. ಸ್ಟೇಷನ್ನಿನಿಂದ ಮನೆತನಕ ಹಲಗೆ ಬಾರಿಸಿ ಕರೆತಂದರು. ಮೋಟಾರು ಮಾತ್ರ ಬರಲಿಲ್ಲ. ಮುಂಬಯಿಯ ಒಬ್ಬ ಶೇಠಜಿ ಅಲ್ಲೇ ಕೊಂಡಿದ್ದ.

“ಮೋಟಾರ್ ಕೂಡ ನೀನೂ ಬಾ ಅಂತ ನಿನ್ನ ಗಂಡಗ ಅಂದ ಶೇಠಜಿ,” ಎಂದು ಮಾವ ಊರಿಗೆ ಹೊರಡುವಾಗ ಹೇಳಿದರು. “ಒಲ್ಲೆ ಅಂದಾನ. ನಿನ್ನ ಆಣಿ ಸಲುವಾಗಿ.” ಅಂದು ಮಾತ್ರ ಅವರ ದನಿಯಲ್ಲಿ ನನ್ನ ಮೇಲೆ ಸಿಟ್ಟಿರಲಿಲ್ಲ. ನಾನೋ, ಮುಗಿಲು ಮೂರೇ ಗೇಣು ಎಂಬಂತೆ ಕುಣಿದಾಡಿದೆ.

ಇವರು ಮನೆಯಲ್ಲಿ ಉಳಿದರು. ಎದುರಿಗೆ ಕುಳಿತು ಉಂಡರು.

“ಪಲ್ಯ ಹೆಂಗಾಗೈತ್ರಿ?”

“ಹೂಂ.”

“ಉಪ್ಪು?”

“ಹೂಂ.”

ಅವತ್ತು ಪಲ್ಯಕ್ಕೆ ಉಪ್ಪೇ ಹಾಕಿರಲಿಲ್ಲ, ಬೇಕಂತಲೇ. ರಸ್ತೆಯಲ್ಲಿ ಲಾರಿ ಹೋದರೆ ತುತ್ತು ಕೈಯಲ್ಲೇ ನಿಲ್ಲುತ್ತಿತ್ತು. ಬೈಯುವುದಿಲ್ಲ, ಜಗಳವಿಲ್ಲ, ಮುಖ ಗಂಟಿಕ್ಕಿಕೊಂಡದ್ದೂ ಇಲ್ಲ. ಮನುಷ್ಯ ಒಳಗೇ ಬಾಡುತ್ತಿದ್ದ. ಹಿತ್ತಲಿನಲ್ಲಿ ಮೋಟಾರು ಗುಡುಗುತ್ತಿದ್ದಾಗ, ಆ ಬಾಗಿಲು ಒಂದು ದಿನ ತೆರೆದೀತು ಎಂದಾದರೂ ಇತ್ತು. ಈಗ ಗಂಡ ಒಂದು ಮೊಳದ ದೂರದಲ್ಲಿ ಕುಳಿತಿದ್ದರೂ ಮನೆ ಬಿಕೋ ಎನ್ನುತ್ತಿತ್ತು. ಅಂಥ ಒಂಟಿತನವನ್ನು ಹೊಸ್ತಿಲ ಹೊರಗೆ ನಿಂತಾಗಲೂ ನಾನು ಕಂಡಿರಲಿಲ್ಲ.

ಒಂದು ಮಧ್ಯಾಹ್ನ ತಡೆಯಲಾಗಲಿಲ್ಲ. “ಹೋಗ್ರಿ ಮುಂಬೈಕ. ಆಣಿ ಬಿಡ್ಸೇನಿ ನಾ,” ಎಂದೆ.

ನಮ್ಮ ಕಡೆ ಒಂದೇ ಮಾತಿಗೆ ಯಾರೂ ಹೂಂ ಎನ್ನುವುದಿಲ್ಲ. ಚಹಾ ಕುಡಿಯಿರಿ ಎಂದರೂ ಮೊದಲು ಒಲ್ಲೆ ಎನ್ನಬೇಕು, ಮತ್ತೆ ಕರೆಸಿಕೊಳ್ಳಬೇಕು, ಅದು ರೀತಿ. ನಾನು ಮನಸ್ಸಿಟ್ಟೇ ಹೇಳಿದ್ದೆ. ಆದರೂ ಒಂದು ಸಲ ಒಲ್ಲೆ ಎಂದಾರು ಎಂದು, ಬಡಿಸಬೇಕಾದ ರೊಟ್ಟಿಯನ್ನು ಕೈಯಲ್ಲೇ ಹಿಡಿದು ಕಾದೆ.

ಇವರು ಉಂಡ ಗಂಗಾಳದಲ್ಲೇ ಕೈ ತೊಳೆದು, “ಸೊಲ್ಲಾಪುರದ ರೈಲು ಎಷ್ಟೊತ್ತಿಗೆ ಐತಿ?” ಎಂದು ಕೇಳಿದರು.