ವರ್ಲೀನಳ ಭಾನುವಾರದ ತಟ್ಟೆ

ಹಾರ್ಲನ್ ಬ್ಲಫ್‌ನಲ್ಲಿ ಆಗ ನನ್ನ ಈ ಕ್ಷೌರದಂಗಡಿಯ ಗೋಡೆಯಾಚೆಗೆ ವರ್ಲೀನ್ ಸ್ಪೈಟ್ಸಳ ಹೋಟೆಲು. ಆರು ಮೇಜು, ಒಂದು ಒಲೆ, ಮಿಸಿಸಿಪ್ಪಿ ಸೀಮೆಯಲ್ಲಿ ಯಾರಿಗೂ ಬಗ್ಗದ ಒಂದು ಬಾಯಿ. ಅವಳು ಕೋಳಿ ಕರಿಯಲು ಬಾಣಲೆ ಇಟ್ಟರೆ ನನ್ನ ಗಿರಾಕಿ ಅರ್ಧ ಬೋಳಿಸಿದ ಗಲ್ಲದಲ್ಲೇ ಎದ್ದು ಹೋಗಲು ನೋಡುತ್ತಿದ್ದ. ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಆದರೆ ಅವಳ ಬಾಗಿಲಿಂದ ಹಸಿದ ಹೊಟ್ಟೆಯಲ್ಲಿ ಹಿಂದಿರುಗಿದವರನ್ನು ನಾನು ಕಂಡಿಲ್ಲ.

ಎಂಬತ್ತೇಳನೇ ಇಸವಿ. ನಮ್ಮೂರ ಕಾಲೇಜಿನ ಫುಟ್‌ಬಾಲ್ ತಂಡದಲ್ಲಿ ಕೆಡ್ರಿಕ್ ಗುಡ್ಲೋ ಎಂಬ ಹುಡುಗನಿದ್ದ. ನಮ್ಮ ಕಡೆಯ ಫುಟ್‌ಬಾಲು ಚೆಂಡು ಕೈಯಲ್ಲಿ ಹಿಡಿದು ಓಡುವ ಆಟ. ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಹೊರಟನೆಂದರೆ ಅಡ್ಡ ಬಂದವರು ಜೋಳದ ದಂಟಿನ ಹಾಗೆ ಮುರಿದು ಬೀಳುತ್ತಿದ್ದರು. ಅವನನ್ನು ನೋಡಲು ಜನ ಟಿಕೆಟ್ ಕೊಂಡು ಮುಗಿಬೀಳುತ್ತಿದ್ದರು. ಅವನ ನಂಬರು ಬರೆದ ಅಂಗಿಗಳನ್ನು ಕಾಲೇಜು ಮಾರಿಕೊಳ್ಳುತ್ತಿತ್ತು. ಅವನಿಗೆ ಸಿಗುತ್ತಿದ್ದುದು ವಿದ್ಯಾರ್ಥಿವೇತನ ಮಾತ್ರ: ಫೀಜು, ಕೋಣೆ, ಮೆಸ್ಸಿನ ಊಟ. ಅದರಾಚೆ ಯಾರಿಂದ ಏನು ಪಡೆದರೂ ಆಗಿನ ಕಾಲೇಜು ಆಟದ ನಿಯಮದಲ್ಲಿ ತಪ್ಪು. ಕೂಲಿ ಮಾಡಿ ಸಂಪಾದಿಸುವಂತೆಯೂ ಇರಲಿಲ್ಲ. ಭಾನುವಾರ ಸಂಜೆ ಮೆಸ್ಸಿಗೆ ಬೀಗ. ದೂರದ ಊರಲ್ಲಿ ಮೀನು ಸೀಳುವ ಕಾರ್ಖಾನೆಯಲ್ಲಿ ದುಡಿಯುವ ಅವನ ತಾಯಿ ಉಳಿದ ಮಕ್ಕಳ ಹೊಟ್ಟೆ ತುಂಬಿಸುವುದರಲ್ಲೇ ಸವೆಯುತ್ತಿದ್ದಳು.

ಅಂಥ ಒಂದು ಭಾನುವಾರ ಅವನು ವರ್ಲೀನಳ ಬಾಗಿಲಲ್ಲಿ ವಾಸನೆ ಹಿಡಿದು ನಿಂತಿದ್ದ.

"ಏನೋ, ಬಾಗ್ಲು ಬಿದ್ದೋಗ್ತದೆ ಅಂತ ಒತ್ತು ಕೊಟ್ಟಿದ್ದೀಯಾ? ಒಳಕ್ಕೆ ಬಾ."

"ದುಡ್ಡಿಲ್ಲ, ಮಿಸ್ ವರ್ಲೀನ್."

"ನಾನು ಕೇಳಿದ್ನಾ? ಹೋಗಿ ಕೈ ತೊಳ್ಕೋ."

ಅಂದಿನಿಂದ ಪ್ರತಿ ಭಾನುವಾರ ಕೋಳಿ, ಬೇಯಿಸಿದ ಸೊಪ್ಪು, ಮೆಕ್ಕೆಜೋಳದ ಬ್ರೆಡ್ಡು. ಹೊರಡುವಾಗ ನಮ್ಮವರ ಪದ್ಧತಿಯಂತೆ ಇನ್ನೊಂದು ತಟ್ಟೆ, ಮೇಲೆ ಅಲ್ಯೂಮಿನಿಯಂ ಹಾಳೆ ಮುಚ್ಚಿ.

ಅಕ್ಟೋಬರಿನಲ್ಲಿ ನಮ್ಮ ತಂಡ ಹಳೆಯ ಎದುರಾಳಿಯನ್ನು ಬಗ್ಗುಬಡಿಯಿತು. ರೇಡಿಯೋದವನು ಕೆಡ್ರಿಕ್‌ನ ಬಾಯಿಗೆ ಮೈಕು ಹಿಡಿದ. ಉಣ್ಣಿಸಿದವರ ಹೆಸರು ಹೇಳದೆ ಬಾಯಿ ಒರೆಸಬಾರದೆಂದು ತಾಯಿ ಕಲಿಸಿದ್ದಳು.

"ಮೊದ್ಲು ದೇವ್ರಿಗೆ, ಆಮೇಲೆ ನಮ್ಮಮ್ಮಂಗೆ, ಆಮೇಲೆ ಮಿಸ್ ವರ್ಲೀನ್‌ಗೆ. ಭಾನ್ವಾರ ಭಾನ್ವಾರ ಪುಕ್ಕಟೆ ಊಟ ಹಾಕ್ತಾರೆ. ಅವ್ರ ಕೋಳಿ ತಿಂದ್ರೆ ಕುಂಟನೂ ಓಡ್ತಾನೆ!"

ನನ್ನ ಅಂಗಡಿಯಲ್ಲಿ ನಗುವೋ ನಗು. ವರ್ಲೀನ್ ತಲೆಗೂದಲು ಸವರಿಕೊಳ್ಳುತ್ತ ಬಂದಳು. "ಹೆಸ್ರು ಹೇಳ್ಬಿಟ್ನಲ್ಲೋ ಪುಣ್ಯಾತ್ಮ!" ಅದರ ಹಿಂದೆ ಬರಲಿದ್ದುದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಸೋಮವಾರ ಕಾಲೇಜಿನಿಂದ ನಿಯಮ ನೋಡಿಕೊಳ್ಳುವ ಅಧಿಕಾರಿ ಬಂದ. ಕೆಟ್ಟವನಲ್ಲ.

"ಎಲ್ಲಾ ವಿದ್ಯಾರ್ಥಿಗಳಿಗೂ ಹೀಗೇ ಊಟ ಹಾಕ್ತಿದ್ರಾ, ಅಮ್ಮಾ? ಹಂಗಿದ್ರೆ ತಪ್ಪಿಲ್ಲ. ಆಟಗಾರನಿಗೆ ಮಾತ್ರ ಅಂದ್ರೆ ತಪ್ಪು."

ಹೂಂ ಅಂದಿದ್ದರೆ ಸಾಕಿತ್ತು. ವರ್ಲೀನ್ ಏಪ್ರನ್‌ಗೆ ಕೈ ಒರೆಸಿಕೊಂಡಳು. "ಇಲ್ಲ ಸ್ವಾಮಿ. ಅವನೊಬ್ಬನಿಗೇ. ಹಸಿದಿದ್ದ."

ಆ ವರ್ಷದ ಉಳಿದ ಆಟವೆಲ್ಲ ಕೆಡ್ರಿಕ್ ಆಡುವಂತಿಲ್ಲದೆ ಬೆಂಚಿನ ಮೇಲೆ. ನಾಚಿಕೆಗೆ ನಮ್ಮ ಬೀದಿಯನ್ನೇ ಬಿಟ್ಟ. ಓದು ಬಿಟ್ಟು ತಾಯಿ ದುಡಿಯುವ ಕಾರ್ಖಾನೆಗೆ ಸೇರುತ್ತಾನಂತೆ, ಬಟ್ಟೆ ಗಂಟು ಕಟ್ಟಿದ್ದಾನಂತೆ ಎಂಬ ಸುದ್ದಿ ಅವನ ಕೋಣೆಯ ಗೆಳೆಯನಿಂದ ನನ್ನ ಕುರ್ಚಿಗೆ, ಅಲ್ಲಿಂದ ಗೋಡೆಯಾಚೆಗೆ ಹೋಯಿತು.

ಶನಿವಾರ ವರ್ಲೀನಳ ಬಾಗಿಲಲ್ಲಿ ಹಲಗೆ ನೇತಾಡಿತು: ಭಾನುವಾರ ಸಂಜೆ ಕಾಲೇಜಿನ ಎಲ್ಲ ಮಕ್ಕಳಿಗೂ ಊಟ ಪುಕ್ಕಟೆ.

"ತಲೆ ಕೆಟ್ಟಿದ್ಯೇನೆ? ಅಂಗಡಿ ಮುಳುಗ್ತದೆ!" ಅಂದೆ.

"ನೀನು ಸೊಪ್ಪು ಹೆಚ್ಚು, ಐಸಮ್. ಕತ್ತಿ ಹಿಡಿಯೋಕೆ ಬರ್ತದಲ್ಲ. ಸೊಪ್ಪಿಗೆ ಕಿವಿ ಮಾತ್ರ ಇಲ್ಲ, ನೀನು ಕುಯ್ಯೋಕೆ."

ಸಾಲು ಚರ್ಚಿನವರೆಗೆ ಬೆಳೆಯಿತು. ಕನ್ನಡಕದವರು, ಕಹಳೆ ಊದುವವರು, ಆಟದ ಬಯಲನ್ನೇ ಕಾಣದವರು. ಕಟ್ಟಕಡೆಯಲ್ಲಿ, ಗೆಳೆಯ ತೋಳು ಹಿಡಿದು ಎಳೆತಂದ ಕೆಡ್ರಿಕ್, ಹೆಗಲಲ್ಲಿ ಚೀಲ.

"ಎಲ್ಲಿಗಪ್ಪಾ ಸವಾರಿ?" ಅಂದಳು ವರ್ಲೀನ್.

"ಊರಿಗೆ."

"ಬಸ್ಸು ನಾಳೆನೂ ಹೋಗ್ತದೆ. ಚೀಲ ಇಳಿಸು, ತಟ್ಟೆ ಹಿಡಿ. ಇದು ನಿಂಗಂತ ಅಲ್ಲ, ಎಲ್ರಿಗೂ. ಈಗ ಯಾರಪ್ಪ ಕೇಳ್ತಾನೆ ನೋಡ್ತೀನಿ." ಆಮೇಲೆ ಸೌಟು ಎತ್ತಿ, "ರೇಡಿಯೋದಲ್ಲಿ ಮಾತ್ರ ಊದ್ಬೇಡ!"

ಸಾಲೆಲ್ಲ ನಕ್ಕಿತು. ಅವನೂ ನಕ್ಕ. ಚೀಲ ಮೇಜಿನ ಕೆಳಗೆ ಹೋಯಿತು. ಮರುದಿನದ ಬಸ್ಸು ಅವನಿಲ್ಲದೆ ಹೊರಟಿತು.

ಅಂಗಡಿ ಮುಳುಗಲಿಲ್ಲ. ಚರ್ಚಿನ ಹೆಂಗಸರು ಒಬ್ಬೊಬ್ಬರಾಗಿ ಪಾತ್ರೆ ಹೊತ್ತು ಬಂದರು. ವರ್ಲೀನ್ ಕಣ್ಣು ಮುಚ್ಚುವವರೆಗೂ ಆ ಭಾನುವಾರ ತಪ್ಪಲಿಲ್ಲ. ಕೆಡ್ರಿಕ್ ಇಲ್ಲೇ ಓದು ಮುಗಿಸಿ, ಇಲ್ಲೇ ಶಾಲೆಯ ಮಕ್ಕಳಿಗೆ ಆಟ ಕಲಿಸಿ ತಲೆ ಬೆಳ್ಳಗೆ ಮಾಡಿಕೊಂಡ.

ಈಗ ನಿಯಮ ಬದಲಾಗಿದೆ, ಆಟಗಾರರು ಜಾಹೀರಾತು ಮಾಡಿ ದುಡ್ಡು ಪಡೆಯಬಹುದು. ಹೆದ್ದಾರಿಯಲ್ಲಿ ನಮ್ಮ ತಂಡದ ಈ ವರ್ಷದ ಓಟಗಾರ ಕೋಳಿಕಾಲು ಕಚ್ಚಿ ನಗುವ ದೊಡ್ಡ ಜಾಹೀರಾತು ಫಲಕವಿದೆ. ಹುಡುಗನಿಗೆ ಕಾರು ಬಂದಿದೆಯಂತೆ. ಬರಲಿ, ಮುರಿಯುವ ಮೂಳೆ ಅವನದು, ದುಡ್ಡೂ ಅವನದಾಗಲಿ. ಅಂದೇ ಕೊಡಬೇಕಿತ್ತು.

ಮೊನ್ನೆ ಕೆಡ್ರಿಕ್ ನನ್ನ ಕುರ್ಚಿಯಲ್ಲಿ ಕೂತು ಆ ಫಲಕದ ಮಾತೇ ತೆಗೆದ. "ಆ ಜಾಹೀರಾತು ಮೊದ್ಲು ಮಾಡಿದ್ದು ನಾನು, ಐಸಮ್ ಮಾವ. ನಂಗೆ ಬೆಂಚು ಕೊಟ್ರು."

"ಆಗ್ಲೇ ಇಂಥ ದುಡ್ಡು ಬಂದಿದ್ರೆ ಏನ್ಮಾಡ್ತಿದ್ದೆ?"

"ಅಮ್ಮಂಗೆ ಕೆಲ್ಸ ಬಿಡಿಸ್ತಿದ್ದೆ." ಕುತ್ತಿಗೆಯ ಬಟ್ಟೆ ಸಡಿಲಿಸಿಕೊಂಡ. "ಭಾನ್ವಾರ ಮಾತ್ರ ಮಿಸ್ ವರ್ಲೀನ್ ಹತ್ರಾನೇ ಬರ್ತಿದ್ದೆ. ಕಾಸು ಕೊಟ್ಟು ಉಣ್ತಿದ್ದೆ."

"ತಗೋತಿದ್ಲಾ ಅವ್ಳು?"

"ಎಲ್ಲಿ? ಸೌಟಲ್ಲಿ ಹೊಡೀತಿದ್ರು," ಅಂದ ಕೆಡ್ರಿಕ್. ಇಬ್ಬರೂ ಗೋಡೆಯ ಕಡೆ ನೋಡಿದೆವು.