ನಾನು ಕಾಣದ ಕಾಸ್ತೆಯೋನ್

ಪುಣೆಯ ಸ್ವಾರಗೇಟಿನ ಹತ್ತಿರ ಹೊರದೇಶದ ಟೈಲ್ಸ್ ತರಿಸಿ ಮಾರುವ ಒಂದು ಅಂಗಡಿಯಲ್ಲಿ ನಾನು ಎರಡು ವರ್ಷ ಕೆಲಸ ಮಾಡಿದೆ. ಮೇಲಿನ ಮಾಳಿಗೆಯಲ್ಲಿ ಗಾಜಿನ ಗೋಡೆಯ ಸಣ್ಣ ಕೋಣೆ, ಕಿಟಕಿ ಇರಲಿಲ್ಲ. ಸೇರುವಾಗ ಮಾಲೀಕರು ನನ್ನ ಮೂಲ ಅಂಕಪಟ್ಟಿಗಳನ್ನು ಕಬ್ಬಿಣದ ಕಪಾಟಿನಲ್ಲಿಟ್ಟು, "ಎರಡು ವರ್ಷ ಮುಗಿಸಿ ತಗೊಂಡು ಹೋಗು" ಎಂದಿದ್ದರು. ಆಗ ಅದು ನನ್ನನ್ನು ಅಷ್ಟಾಗಿ ಕಾಡಲಿಲ್ಲ. ಕಲಿತ ಸ್ಪ್ಯಾನಿಷ್ ಭಾಷೆಗೆ ಕೆಲಸ ಸಿಕ್ಕಿತಲ್ಲ ಎಂಬ ಖುಷಿಯೇ ದೊಡ್ಡದಿತ್ತು.

ನನ್ನ ಅಪ್ಪ ಫರಸಿ ಮಿಸ್ತ್ರಿ. ಮದುವೆಯಾದ ವರ್ಷವೇ ಯಾದಗಿರಿ ಕಡೆಯಿಂದ ಪುಣೆಗೆ ಬಂದು, ನಿಗಡಿಯ ಸುತ್ತಲಿನ ಎಷ್ಟೋ ಮನೆಗಳಿಗೆ ನೆಲ ಹಾಸಿದವನು. ಟೈಲಿನ ಬೆನ್ನು ತಿರುಗಿಸಿ ನೋಡಿದರೆ ಸಾಕು, ಅದು ಎಂಥ ಮಣ್ಣಿನದೆಂದು ಹೇಳುತ್ತಿದ್ದ.

ಮೊದಲ ವರ್ಷ ಮುಗಿಯುತ್ತ ಬಂದಾಗ ಮಾಲೀಕರು ಕರೆದರು. "ಸ್ಪೇನಿನಲ್ಲಿ ಕಾಸ್ತೆಯೋನ್ ಅಂತ ಒಂದು ಪ್ರಾಂತ್ಯ ಇದೆ. ಅಲ್ಲಿನ ಕಾರ್ಖಾನೆಗಳಿಂದ ನೇರವಾಗಿ ಮಾಲು ತರಿಸಬೇಕು. ಆ ಪ್ರಾಂತ್ಯದ ಭೂಗೋಳ, ಇತಿಹಾಸ, ವ್ಯಾಪಾರ ಎಲ್ಲ ಬರೆದುಕೊಡು. ಪಾಸ್‌ಪೋರ್ಟ್ ಮಾಡಿಸಿಕೋ. ಫೆಬ್ರವರಿಯಲ್ಲಿ ಹೋಗೋಣ." ಮಾತು ಮರಾಠಿಯಲ್ಲಿತ್ತು. 'ಆಪಣ ಜಾಊ' ಎಂದಿದ್ದರು. ಮರಾಠಿಯ 'ಆಪಣ' ಅಂದರೆ ಕೇಳುವವರನ್ನೂ ಸೇರಿಸಿಕೊಂಡ 'ನಾವು'. ನಾನು ಅದನ್ನು ನಂಬಿದೆ.

ಎರಡು ತಿಂಗಳು ಓದಿದೆ, ಬರೆದೆ. ಸಂಜೆ ಮನೆಗೆ ಬಂದರೆ ಅಪ್ಪ ಕೈಕಾಲು ತೊಳೆದು ಎದುರಿಗೆ ಕೂತು ಕೇಳುತ್ತಿದ್ದ.

"ಅಲ್ಲಿ ಮಣ್ಣು ಯಾವ ಬಣ್ಣದ್ದದ?"

"ಕೆಂಪು, ಅಪ್ಪಾ. ಅಲ್ಲೇ ಗುಡ್ಡದಾಗ ಸಿಗ್ತದ. ಬಿಳಿ ಮಣ್ಣು ಹೊರಗಿಂದ ತರಸ್ತಾರ."

"ಹೊಲಗಿಲ?"

"ಸಮುದ್ರದ ಕಡಿ ಬಯಲು, ಅಲ್ಲೆಲ್ಲ ಕಿತ್ತಳೆ ತ್ವಾಟ. ಹಿಂದ ಬರೇ ಗುಡ್ಡ. ಕಾಸ್ತೆಯೋನ್ ಪ್ಯಾಟಿ ಸೈತ ಮೊದಲ ಗುಡ್ಡದ ಮ್ಯಾಲೇ ಇತ್ತಂತ. ಏಳುನೂರು ವರ್ಷದ ಹಿಂದ ರಾಜನ ಅಪ್ಪಣಿ ತಗೊಂಡು ಕೆಳಗ ಬಂದು ಕಟ್ಯಾರ. ವರ್ಷಕ್ಕೊಮ್ಮಿ ಊರ ಮಂದಿ ಕೈಯಾಗ ಜೊಂಡಿನ ಕೋಲು ಹಿಡಕೊಂಡು ಹಳೇ ಜಾಗಕ್ಕ ನಡಕೊಂಡು ಹೋಗ್ತಾರ. ಒಳಗಿನ ಗುಡ್ಡದ ಹಳ್ಳಿ ಈಗ ಖಾಲಿ ಆಗ್ಯಾವ. ಮಂದಿ ಕಾರ್ಖಾನಿ ಕೆಲಸಕ್ಕ ಬಯಲಿಗಿ ಇಳದಾರ."

"ನಮ್ಮಂಗೇ ಅನ್ನು," ಎಂದ ಅಪ್ಪ. ಪಾಸ್‌ಪೋರ್ಟಿನ ಪೊಲೀಸ್ ಪರಿಶೀಲನೆಯ ದಿನ ನನ್ನ ಜೊತೆ ಠಾಣೆಗೆ ಬಂದು ಅರ್ಧ ದಿನ ಬೆಂಚಿನ ಮೇಲೆ ಕಾದವನೂ ಅವನೇ.

ಜನವರಿಯಲ್ಲಿ ಟಿಕೆಟ್ ಬಂತು, ಮಾಲೀಕರಿಗೆ ಮತ್ತು ಅವರ ಅಣ್ಣನ ಮಗನಿಗೆ. "ನೀನು ಇಲ್ಲೇ ಇದ್ದು ಫೋನಿನಲ್ಲಿ ಅನುವಾದ ಮಾಡು. ಎಲ್ಲಿದ್ದರೂ ಕೆಲಸ ಒಂದೇ," ಎಂದರು. ನಾನು ಬರೆದ ನಲವತ್ತು ಪುಟ ಅವರ ಚೀಲ ಸೇರಿತು. ಕೆಲಸ ಬಿಟ್ಟುಬಿಡಬೇಕು ಅನ್ನಿಸಿತು. ಆದರೆ ಅಂಕಪಟ್ಟಿ ಇಲ್ಲದೆ ಇನ್ನೊಂದು ಕಡೆ ಅರ್ಜಿಯನ್ನಾದರೂ ಹೇಗೆ ಹಾಕುವುದು?

ಅವರು ಹೋದ ಎಂಟು ದಿನವೂ ನಾನು ಆ ಗಾಜಿನ ಕೋಣೆಯಲ್ಲಿ ಕೂತೆ. ಸ್ಪೇನಿನಲ್ಲಿ ಬೆಳಿಗ್ಗೆ ಒಂಬತ್ತೂವರೆಯಾದಾಗ ನಮಗೆ ಮಧ್ಯಾಹ್ನ ಎರಡು. ಡಬ್ಬಿ ಬಿಚ್ಚುವಷ್ಟರಲ್ಲಿ ಫೋನು. ಮಾಲೀಕರು ದಾರಿ ತಪ್ಪಿದರೂ ನನಗೇ ಫೋನು. "ಎದುರಿಗೆ ದೊಡ್ಡ ಚರ್ಚು ಕಾಣ್ತದಾ? ಅದರ ಎಡಕ್ಕೆ ಹೋಗಿ," ಎಂದು ನಕ್ಷೆ ನೋಡದೆಯೇ ಹೇಳುತ್ತಿದ್ದೆ. ಮೂತ್ರಕ್ಕೆ ಹೋಗುವುದಿದ್ದರೂ ಫೋನು ಹಿಡಿದೇ ಹೋಗಬೇಕಿತ್ತು.

ಐದನೆಯ ದಿನ ಅವರು ಒಂದು ಕಾರ್ಖಾನೆಯಲ್ಲಿದ್ದರು. ಅಲ್ಲಿನ ರಫ್ತು ವಿಭಾಗ ನೋಡಿಕೊಳ್ಳುವ ಹೆಂಗಸು ನನ್ನ ಬಾಯಿಂದ ಪ್ರಾಂತ್ಯದ ಸಂಗತಿಗಳನ್ನೆಲ್ಲ ಕೇಳಿ, "ಇಷ್ಟು ತಿಳಿದವರನ್ನು ಯಾಕೆ ಕರೆದುಕೊಂಡು ಬರಲಿಲ್ಲ ಎಂದು ನಿಮ್ಮವರನ್ನು ಕೇಳು," ಎಂದಳು. ಮರಾಠಿಯಲ್ಲಿ ಕೇಳಿದೆ.

ಮಾಲೀಕರು ಸಣ್ಣಗೆ ನಕ್ಕರು. "ನಮ್ಮ ಹುಡುಗಿಯನ್ನು ಮನೆಯವರು ಕಳಿಸೋದಿಲ್ಲ ಅಂತ ಹೇಳು. ಅಪ್ಪ ಹಳೇ ಕಾಲದವನು ಅಂತ ಹೇಳು."

ಹೇಳಿದ್ದನ್ನು ಹೇಳಿದ ಹಾಗೆ ದಾಟಿಸುವುದೇ ನಮ್ಮ ಕೆಲಸ. ದಾಟಿಸಿದೆ. ನನ್ನದೇ ದನಿಯಲ್ಲಿ, ವ್ಯಾಕರಣದ ಒಂದು ತಪ್ಪೂ ಇಲ್ಲದೆ, ನನ್ನ ಅಪ್ಪನ ಮೇಲೆ ಸುಳ್ಳು ಹೇಳಿದೆ.

ಆಕೆ, "ನಿಜವಾ?" ಎಂದಳು. ಅದು ನನ್ನನ್ನೇ ಕೇಳಿದ ಪ್ರಶ್ನೆ. ಮಾಲೀಕರು, "ಲೈನ್ ಹೋಯಿತಾ?" ಎಂದರು. "ಇಲ್ಲ, ಕೇಳಿಸ್ತಿದೆ," ಎಂದೆ. ಮಾತು ಪ್ಯಾಕಿಂಗಿನ ಕಡೆ ತಿರುಗಿತು.

ಅಂದು ಸಂಜೆ ಅಪ್ಪನಿಗೆ ಹೇಳಿಬಿಟ್ಟೆ. ಅವನು ತಾಟಿನಲ್ಲಿ ಮುರಿದ ರೊಟ್ಟಿ ಹಾಗೇ ಬಿಟ್ಟು ಕೂತ.

"ನೀ ಯಾಕ ಅಂದಿ?" ಎಂದು ಕೇಳಿದ. ಸಿಟ್ಟಿರಲಿಲ್ಲ.

ಮಾಲೀಕರು ಮರಳಿ ಬಂದ ಮರುದಿನ ಅಪ್ಪ ಕೆಲಸಕ್ಕೆ ಹೋಗದೆ, ಇಸ್ತ್ರಿ ಅಂಗಿ ಹಾಕಿಕೊಂಡು ನನ್ನ ಜೊತೆ ಅಂಗಡಿಗೆ ಬಂದ. ತನ್ನ ತುಂಡು ತುಂಡು ಮರಾಠಿಯಲ್ಲಿ, "ಸಾಹೇಬ್ರ, ನಾನು ಎಂದೂ ಬೇಡ ಅಂದಿಲ್ಲ. ಪಾಸ್‌ಪೋರ್ಟಿಗೆ ನಾನೇ ಓಡಾಡೀನಿ," ಎಂದ.

"ಮಾತಿಗೆ ಅಂದದ್ದು ಕಾಕಾ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ," ಎಂದು ಮಾಲೀಕರು ಚಹಾ ತರಿಸಿದರು.

"ನನ್ನ ಮಗಳ ಅಂಕಪಟ್ಟಿ ಕೊಟ್ಟುಬಿಡ್ರಿ."

"ಇನ್ನೂ ಹತ್ತು ತಿಂಗಳು ಇದೆಯಲ್ಲ. ಎರಡು ವರ್ಷಕ್ಕೆ ಅವಳೇ ಸಹಿ ಮಾಡಿದ್ದಾಳೆ."

ಅಪ್ಪ ನನ್ನನ್ನು ನೋಡಿದ. ನಾನು ತಲೆ ತಗ್ಗಿಸಿದೆ. ಅವನು ಚಹಾ ಮುಟ್ಟದೆ ಎದ್ದು, "ನಡಿ, ನಿನ್ನ ಕೆಲಸ ಮಾಡು," ಎಂದು ಮೆಟ್ಟಿಲು ಇಳಿದು ಹೋದ.

ಅವತ್ತೇ ನನ್ನ ಸ್ವಂತ ಫೋನಿನಿಂದ ಕಾರ್ಖಾನೆಯ ಆ ಹೆಂಗಸಿಗೆ ಬರೆದೆ: 'ಅಂದು ನಾನು ದಾಟಿಸಿದ್ದು ನಿಜವಲ್ಲ. ನನ್ನ ತಂದೆ ಟೈಲ್ಸ್ ಹಾಸುವವರು. ನಿಮ್ಮ ಊರಿನ ಮಣ್ಣಿನ ಬಣ್ಣವನ್ನೂ ಕೇಳಿ ತಿಳಿದುಕೊಂಡವರು.' ನಾಲ್ಕು ದಿನದ ಮೇಲೆ ಉತ್ತರ ಬಂತು. 'ನನ್ನ ತಾಯಿ ಇಲ್ಲಿನ ಭಟ್ಟಿಯಿಂದ ಹೊರಬಂದ ಟೈಲ್ಸ್ ವಿಂಗಡಿಸುತ್ತಿದ್ದಳು. ನಿನ್ನ ತಂದೆಗೆ ನಮಸ್ಕಾರ ಹೇಳು.' ಓದಿ ಹೇಳಿದಾಗ ಅಪ್ಪ ಇನ್ನೊಮ್ಮೆ ಓದಿಸಿದ.

ಆದರೂ ಹತ್ತು ತಿಂಗಳು ಹತ್ತು ತಿಂಗಳೇ. ಅದೇ ಕುರ್ಚಿ, ಅದೇ ಕಾಸ್ತೆಯೋನಿನ ಫೋನು. ಕೊನೆಯ ದಿನ ಮಾಲೀಕರು, "ಇನ್ನೊಂದು ವರ್ಷ ಇರು, ಈ ಸಲ ಖಂಡಿತ ಕರೆದುಕೊಂಡು ಹೋಗ್ತೀನಿ," ಎಂದರು. ನಾನು ಕಪಾಟಿನಿಂದ ಬಂದ ಒಂದೊಂದು ಅಂಕಪಟ್ಟಿಯನ್ನೂ ಬಿಡಿಸಿ ನೋಡಿ, ಫೈಲಿಗೆ ಹಾಕಿಕೊಂಡು ಕೆಳಗಿಳಿದೆ. ಅಪ್ಪ ಕೆಲಸದಿಂದ ನೇರವಾಗಿ ಬಂದು ಬಸ್‌ಸ್ಟಾಪಿನಲ್ಲಿ ನಿಂತಿದ್ದ. ಫೈಲು ತೆಗೆದುಕೊಳ್ಳುವ ಮೊದಲು ಕೈಗಂಟಿದ್ದ ಸಿಮೆಂಟನ್ನು ಪ್ಯಾಂಟಿಗೆ ಒರೆಸಿಕೊಂಡ.